ತೋಟಾ ತುಂಬುವ ಪೆಟ್ಟಿಗೆ

ಬ್ಯಾಂಕಿನ ಗುಮಾಸ್ತ ಕೋವಿ ಹಿಡಿದರೆ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಹಿಡಿದಿದ್ದ ಏಳೆಂಟು ವರ್ಷಗಳಲ್ಲಿ ಏನೂ ನಡೆಯದ ಒಂದು ತಿಂಗಳೂ ನೆನಪಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಕೆಲಸ ಬಂಗಾಳದ ರಾಜಧಾನಿಯಲ್ಲಿ, ಆಫೀಸುಗಳೇ ತುಂಬಿದ ಬಿಬಿಡಿ ಬಾಗಿನಲ್ಲಿ. ಟ್ರಾಮಿನ ಕಂಡಕ್ಟರ್ ಮಾತ್ರ ಆಗಲೂ ಅದರ ಹಳೆ ಹೆಸರು ಹಿಡಿದು ಡಾಲ್‌ಹೌಸಿ ಎಂದೇ ಕೂಗುತ್ತಿದ್ದ. ಉಡುಪಿ ಕಡೆಯ ನಮ್ಮ ಮನೆಯಲ್ಲಿ ಹಂದಿ ಹೆದರಿಸಲು ಅಪ್ಪ ಇಟ್ಟುಕೊಂಡಿದ್ದ ಜೋಡುನಳಿಗೆಯ ಕೋವಿ ಲೈಸೆನ್ಸಿನ ಸಮೇತ ನನ್ನ ಹೆಸರಿಗೆ ಬಂದು, ಗಾರ್ಡನ್ ರೀಚ್ ಕಡೆಯ ಒಂದು ಶೂಟಿಂಗ್ ಕ್ಲಬ್ಬಿನ ಬೀರುವಿನಲ್ಲಿ ವಾಸವಾಗಿತ್ತು. ಭಾನುವಾರ ಬೆಳಿಗ್ಗೆ ಅಲ್ಲಿ ಒಂದು ಯಂತ್ರ ಮಣ್ಣಿನ ಬಿಲ್ಲೆಗಳನ್ನು ಗಾಳಿಗೆ ಎಸೆಯುತ್ತಿತ್ತು, ಅವು ಕೆಳಗೆ ಬೀಳುವುದರೊಳಗೆ ನಾವು ಹೊಡೆದು ಪುಡಿ ಮಾಡಬೇಕು. ಮಣ್ಣಿಗೆ ಹೊಡೆದರೆ ಪಾಪವಿಲ್ಲ ಎಂದು ಹೆಂಡತಿಯನ್ನು ಒಪ್ಪಿಸಿದ್ದೆ.

ಒಬ್ಬೊಬ್ಬರು ಇಪ್ಪತ್ತೈದು ತೋಟಾ ಹಾರಿಸುವುದು ಅಲ್ಲಿನ ಪದ್ಧತಿ. ನನ್ನ ಸಂಬಳಕ್ಕೆ ದಕ್ಕುತ್ತಿದ್ದದ್ದು ಹತ್ತು. ಹತ್ತು ಮುಗಿದ ಕೂಡಲೇ ನೋವಿದ್ದವನ ಹಾಗೆ ಭುಜ ಉಜ್ಜಿಕೊಳ್ಳುತ್ತಾ ಹೋಗಿ ಕುರ್ಚಿಯಲ್ಲಿ ಕೂರುತ್ತಿದ್ದೆ. ಚಳಿಗಾಲದಲ್ಲಿ ಇನ್ನೊಂದು ಕ್ಲಬ್ಬಿನ ಜೊತೆ ಪಂದ್ಯ ಇರುತ್ತಿತ್ತು, ಐದು ಜನರ ತಂಡ. ಒಂದು ಸಲವಾದರೂ ಆ ಐವರಲ್ಲಿ ಒಬ್ಬನಾಗಿ ನಿಲ್ಲಬೇಕು ಅಂತ ನನಗೆ ಎಷ್ಟು ಆಸೆ ಇತ್ತೆಂದರೆ, ಪ್ರಮೋಷನ್ನಿನ ಬಗ್ಗೆಯೂ ಅಷ್ಟು ಇರಲಿಲ್ಲ. ಆರಿಸುವವರು ಕ್ಲಬ್ಬಿನ ಕಾರ್ಯದರ್ಶಿ, ಮಂಗಳೂರಿನವರು. ನನ್ನ ಗ್ರಹಚಾರಕ್ಕೆ ನಮ್ಮ ಬ್ಯಾಂಕಿನ ಮ್ಯಾನೇಜರೂ ಅವರೇ. ಭುಜನೋವಿನ ಗುಮಾಸ್ತನನ್ನು ಅವರು ಯಾಕೆ ಆರಿಸಿಯಾರು? ಹಾರಿಸಿದ ಖಾಲಿ ತೋಟಾಗಳಿಗೇ ಮತ್ತೆ ಮದ್ದು, ಸೀಸದ ಚರೆ ತುಂಬಿಕೊಂಡರೆ ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ ಎಂದು ಯಾರೋ ಹೇಳಿದರು. ಅಲ್ಲಿಂದ ನನ್ನ ಕಥೆ ಶುರು.

೧. ಮೂರು ಪೆಟ್ಟಿಗೆ

ಆಫೀಸಿನ ಹತ್ತಿರವೇ ಒಂದು ಕೋವಿ ಅಂಗಡಿ. ಅಂಗಡಿಯ ಮುದುಕ ಬಂಗಾಳಿ ಬಾಬು ಲೈಸೆನ್ಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೂರು ಪೆಟ್ಟಿಗೆ ತಂದಿಟ್ಟರು. ಮೊದಲನೆಯದು ವಿಲಾಯತಿ, ಒಳಗೆ ಹಸಿರು ಮಖಮಲ್ಲು. ಬೆಲೆ ಕೇಳಿ ಮುಚ್ಚಳ ನಾನೇ ಮುಚ್ಚಿದೆ. ಎರಡನೆಯದಕ್ಕೆ ಮಖಮಲ್ಲು ಇಲ್ಲ, ಬೆಲೆ ಮಾತ್ರ ಮೊದಲನೆಯದರ ಬೆಲೆಗೆ ತಮ್ಮ. ಮೂರನೆಯದು ಸೆಕೆಂಡ್‌ಹ್ಯಾಂಡ್ ಮರದ ಪೆಟ್ಟಿಗೆ: ತೋಟಾದ ಬುಡದಲ್ಲಿ ಸಿಡಿದ ಹಳೆ ಕೇಪು ತೆಗೆಯುವ ಸಲಾಕೆ, ಮದ್ದು ಅಳೆಯುವ ಹಿತ್ತಾಳೆಯ ಪುಟ್ಟ ಸೌಟು, ಅದುಮುವ ಮರದ ಗೂಟ, ಕೊನೆಗೆ ತೋಟಾದ ಬಾಯಿ ಮಡಚಲು ಮೇಜಿಗೆ ಕಚ್ಚಿಸುವ ಹಿಡಿಕೆಯ ಯಂತ್ರ. ಹಿಡಿಕೆ ಸ್ವಲ್ಪ ಸೊಟ್ಟ.

ಬ್ಯಾಂಕಿನಲ್ಲಿ ಸಾಲ ಕೇಳಲು ಬಂದವರನ್ನು ವಿಚಾರಿಸುವ ಅಭ್ಯಾಸ ನನ್ನದು. ಈ ಪೆಟ್ಟಿಗೆಯಿಂದ ನಿಜವಾಗಿ ಉಳಿತಾಯ ಆಗುತ್ತದೆಯೇ ಎಂದೆ. ಇದರ ಹಿಂದಿನ ಮಾಲೀಕರು ಹತ್ತು ವರ್ಷ ಇದರಲ್ಲೇ ಉಳಿಸಿದರು ಎಂದರು ಬಾಬು. ಹಾಗಾದರೆ ಯಾಕೆ ಮಾರಿದರು ಎಂದು ಕೇಳಿದೆ.

ಬಾಬು ಕನ್ನಡಕ ಒರೆಸಿಕೊಂಡು ಹೇಳಿದರು: "ತೋಟಾ ಕೊಳ್ಳಲು ದುಡ್ಡು ಬೇಕಾಗಿತ್ತು."

ಅಷ್ಟಾದ ಮೇಲೂ ನಾನು ಅದನ್ನೇ ಕೊಂಡುಕೊಂಡೆ.

೨. ಟಕ್ ಟಕ್

ಮನೆ ಎಂದರೆ ಎರಡನೆ ಮಹಡಿಯಲ್ಲಿ ಒಂದೂವರೆ ಕೋಣೆ. ಸಂಜೆ ಆಫೀಸಿನಿಂದ ಬಂದು, ಕಾಫಿ ಕುಡಿದು, ಗೂಟದಿಂದ ಟಕ್ ಟಕ್ ಎಂದು ಅದುಮಲು ಕೂರುತ್ತಿದ್ದೆ. ಪಾಡಾದಲ್ಲಿ, ಎಂದರೆ ನಮ್ಮ ಕೇರಿಯಲ್ಲಿ, ನಕ್ಸಲ್ ಗಲಾಟೆಯ ಬಾಂಬಿನ ಸದ್ದು ನಿಂತು ಬಹಳ ಕಾಲವಾಗಿರಲಿಲ್ಲ. ಜನರ ಕಿವಿಗಳು ಇನ್ನೂ ನೆಟ್ಟಗೇ ಇದ್ದವು. ಮೇಲಿನ ಮದ್ರಾಸಿ ದಿನಾ ಸಂಜೆ ಏನೋ ಜಡಿಯುತ್ತಾನೆ, ಮದ್ದಿನ ವಾಸನೆಯೂ ಬರುತ್ತದೆ ಎಂದು ಕೆಳಮನೆಯಿಂದ ಠಾಣೆಗೆ ಸುದ್ದಿ ಹೋಯಿತು.

ಪೊಲೀಸ್ ಅಧಿಕಾರಿ ಒಬ್ಬರು ಬಂದರು. ಕೆಲಸ ಹೋಗುತ್ತದೆ, ಕ್ಲಬ್ಬೂ ಹೋಗುತ್ತದೆ ಎಂದೇ ಲೆಕ್ಕ ಹಾಕಿದೆ. ಅವರು ಲೈಸೆನ್ಸು, ಕ್ಲಬ್ಬಿನ ಪತ್ರ, ಅಂಗಡಿಯ ರಸೀದಿ ಎಲ್ಲ ನೋಡಿದರು. ಹೆಂಡತಿ ಕೊಟ್ಟ ಕಾಫಿಯನ್ನೂ ಕುಡಿದರು. ಎರಡು ಗಂಟೆಯಲ್ಲಿ ಎಷ್ಟು ತಯಾರಾಗುತ್ತವೆ ಎಂದು ಕೇಳಿದರು. ಹನ್ನೆರಡು ಎಂದೆ. ಅದರಲ್ಲಿ ಗುರಿಗೆ ತಾಗುವುದೆಷ್ಟು ಎಂದರು. ಪೊಲೀಸರ ಮುಂದೆ ಸುಳ್ಳು ಹೇಳಬಾರದೆಂದು, ಎರಡು, ಒಳ್ಳೆಯ ದಿನವಾದರೆ ಮೂರು ಎಂದೆ.

ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದನ್ನು ಹೆಂಡತಿ ಪಕ್ಕದಿಂದ ಬಗ್ಗಿ ಓದಿ, ಅವರು ಹೋದ ಮೇಲೆ ನನಗೆ ಹೇಳಿದಳು. ಸಾರ್ವಜನಿಕರಿಗೆ ಯಾವ ಅಪಾಯವೂ ಇಲ್ಲ ಎಂದು ಬರೆದಿದ್ದರಂತೆ.

೩. ಆಯುಧಪೂಜೆ

ನವರಾತ್ರಿ ಬಂತು. ಊರೆಲ್ಲ ದುರ್ಗಾಪೂಜೆಯ ಪೆಂಡಾಲು, ಢಾಕ್ ಡೋಲಿನ ಸದ್ದು. ನಮ್ಮ ಮನೆಯಲ್ಲಿ ಎಂದಿನಂತೆ ಆಯುಧಪೂಜೆ. ಬೇರೆ ವರ್ಷ ಕತ್ತಿ, ಕತ್ತರಿ, ಹೊಲಿಗೆ ಯಂತ್ರ ಇಡುತ್ತಿದ್ದೆವು. ಈ ಸಲ ಮನೆಯಲ್ಲಿ ನಿಜವಾದ ಆಯುಧದ ಸಾಮಾನೇ ಇದ್ದದ್ದರಿಂದ ಹೆಂಡತಿಗೆ ಉತ್ಸಾಹ ಜಾಸ್ತಿ. ಮದ್ದಿನ ಡಬ್ಬಿಯನ್ನು ಪೂಜೆಗೆ ಇಡುವುದು ಬೇಡ, ಅಲ್ಲಿ ದೀಪ ಉಂಟು ಎಂದು ನಾನು ಅದನ್ನು ಬೀರುವಿನೊಳಗೇ ಬಿಟ್ಟು ಬುದ್ಧಿವಂತನಾದೆ. ಉಳಿದ ಉಪಕರಣಗಳಿಗೆಲ್ಲ ಅವಳು ಗಂಧ, ಅರಶಿನ, ಕುಂಕುಮ ಧಾರಾಳವಾಗಿ ಹಚ್ಚಿದಳು.

ಪೂಜೆಯಾದ ಮೇಲಿನ ಭಾನುವಾರ ನನ್ನ ಕೋವಿಗೆ ಏನೋ ಆಗಿತ್ತು. ಢಂ ಎನ್ನಬೇಕಾದ್ದು ಠುಸ್ ಎನ್ನುತ್ತಿತ್ತು. ಬಿಲ್ಲೆಗಳು ನನ್ನ ಮುಂದೆ ಆರಾಮವಾಗಿ ಹಾರಿ, ಹುಲ್ಲಿನ ಮೇಲೆ ಮೆಲ್ಲಗೆ ಇಳಿಯುತ್ತಿದ್ದವು. ಮುಂದಿನ ಭಾನುವಾರವೂ ಅದೇ ಕಥೆ. ಇಪ್ಪತ್ತೈದು ಹಾರಿಸುವ ಯೋಗ ಬಂದಾಗಲೇ ಹೀಗಾಯಿತಲ್ಲ ಎಂದು ನನಗೆ ಅಳು ಬರುವುದೊಂದು ಬಾಕಿ. ಕೋವಿಯನ್ನು ಬಿಚ್ಚಿಸಿ ನೋಡಿಸಿದೆ, ಕೇಪು ಬದಲಾಯಿಸಿದೆ, ಮದ್ದು ಕಲಬೆರಕೆ ಎಂದು ಅಂಗಡಿಯ ಬಾಬುವಿನ ಜೊತೆ ಜಗಳವನ್ನೂ ಆಡಿ ಬಂದೆ.

ಕೊನೆಗೆ ಕಂಡುಹಿಡಿದವಳು ಹೆಂಡತಿಯೇ. ಹಿತ್ತಾಳೆಯ ಸೌಟನ್ನು ಬೆಳಕಿಗೆ ಹಿಡಿದು, "ಇದರ ಅಡಿಯಲ್ಲಿ ಗಂಧ ಒಣಗಿ ಕೂತಿದೆ ಮಾರಾಯ್ರೆ" ಎಂದಳು. ಭಕ್ತಿಯಿಂದ ಹಚ್ಚಿದ ಗಂಧ ಸೌಟಿನ ಕಾಲುಭಾಗ ತುಂಬಿ ಗಟ್ಟಿಯಾಗಿತ್ತು. ಎರಡು ವಾರ ನಾನು ಮುಕ್ಕಾಲು ಅಳತೆಯ ಮದ್ದಿನಲ್ಲಿ ಹೊಡೆಯುತ್ತಿದ್ದೆ.

ಎರಡು ವಾರ ಗುರಿ ತಪ್ಪಿದ್ದರ ಕಾರಣ ಹೇಳಲು ಮ್ಯಾನೇಜರರ ಹತ್ತಿರ ಹೋದರೆ ಅವರು ಸ್ವಲ್ಪವೂ ಕೋಪಿಸಿಕೊಳ್ಳಲಿಲ್ಲ. ಕೊಂಡ ಬಿಲ್ಲೆಗಳನ್ನು ಇದ್ದ ಹಾಗೇ ಕ್ಲಬ್ಬಿಗೆ ವಾಪಸು ಕೊಡುವ ಸದಸ್ಯ ನಾನೊಬ್ಬನೇ ಎಂದರು.

೪. ಚಿನ್ನದಂಚಿನ ಕಾರ್ಡು

ತಂಡ ಆರಿಸುವ ದಿನ ಹತ್ತಿರ ಬಂತು. ಗಂಧ ತೊಳೆದ ಸೌಟು, ವಾರವಾರ ಇಪ್ಪತ್ತೈದು ತೋಟಾದ ಅಭ್ಯಾಸ ಎರಡೂ ಸೇರಿ ನನ್ನ ಕೈ ಕುದುರಿತ್ತು, ಇಪ್ಪತ್ತೈದಕ್ಕೆ ಹದಿನೇಳು ಹದಿನೆಂಟು ಬೀಳುತ್ತಿದ್ದವು. ಆಗ ಅಂಗಡಿಯಲ್ಲಿ ಬಿಲ್ಲೆಕಾರ್ಡು ಮುಗಿದುಹೋಯಿತು. ಚರೆ ಹೊರಗೆ ಚೆಲ್ಲದಂತೆ ತೋಟಾದ ಬಾಯಿಗೆ ಒಂದು ದುಂಡನೆಯ ರಟ್ಟು ಮುಚ್ಚಬೇಕು, ಆ ರಟ್ಟು. ಖಿದಿರ್‌ಪುರದ ಹಡಗುಕಟ್ಟೆಯಲ್ಲಿ ಮುಷ್ಕರ, ಸರಕೆಲ್ಲ ಹಡಗಿನಲ್ಲೇ ಇದೆ ಎಂದರು ಬಾಬು.

ಶನಿವಾರ ಸಂಜೆ ಮನೆಯಲ್ಲಿದ್ದ ರಟ್ಟನ್ನೆಲ್ಲ ಪರೀಕ್ಷಿಸಿದೆ. ಸೋಪಿನ ಡಬ್ಬಿ ಮೆತ್ತಗೆ, ಕ್ಯಾಲೆಂಡರು ತೆಳ್ಳಗೆ. ಮನೆಯಲ್ಲಿ ಹಪ್ಪಳದ ಹಾಗೆ ಗರಿಗರಿಯಾಗಿದ್ದದ್ದು ಒಂದೇ: ಬರುವ ಗುರುವಾರ ಇದ್ದ ಮ್ಯಾನೇಜರರ ಮಗಳ ಮದುವೆಯ ಕರೆಯೋಲೆ. ಚಿನ್ನದಂಚು, ಮೂಲೆಗೆ ಅರಶಿನ, ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದರಲ್ಲಿ ಇಂಗ್ಲಿಷು. ಕರೆಯದವರು ಊಟಕ್ಕೆ ನುಗ್ಗುವ ಕಾಟ ಜಾಸ್ತಿಯಾಗಿತ್ತೆಂದು, ಬರುವವರು ಕಾರ್ಡನ್ನು ಗೇಟಿನಲ್ಲಿ ತೋರಿಸಬೇಕು ಎಂದು ಕೆಳಗೆ ಅಚ್ಚು ಹಾಕಿಸಿದ್ದರು.

ಅರಶಿನ ಹಚ್ಚಿದ ಕಾಗದ ಹರಿಯಬಾರದು ಎಂದಳು ಹೆಂಡತಿ. ಹರಿಯುವುದಿಲ್ಲ, ಉಳಿಯಿಂದ ದುಂಡಗೆ ಕತ್ತರಿಸುತ್ತೇನೆ, ಮುಹೂರ್ತ ನನಗೆ ಬಾಯಿಪಾಠ ಎಂದೆ. ಮ್ಯಾನೇಜರರಿಗೆ ನನ್ನ ಮುಖದ ಪರಿಚಯ ಇಲ್ಲವೇ ಎಂದೂ ಸೇರಿಸಿದೆ. ಅವಳು ಒಳಗೆ ಹೋದಳು.

ಮರುದಿನ ಇಪ್ಪತ್ತು ಹೊಡೆದೆ. ನನ್ನ ಜನ್ಮದಲ್ಲೇ ಅಷ್ಟು ಹೊಡೆದಿರಲಿಲ್ಲ. ಖುಷಿಯಲ್ಲಿ ಒಂದು ವಿಷಯ ಮರೆತುಬಿಟ್ಟಿದ್ದೆ. ಚರೆ ದೂರ ಹೋಗುತ್ತದೆ, ರಟ್ಟು ಹೋಗುವುದಿಲ್ಲ. ಹತ್ತು ಹದಿನೈದು ಗಜ ಹಾರಿ ಹುಲ್ಲಿನ ಮೇಲೆ ಉದುರುತ್ತದೆ. ಮ್ಯಾನೇಜರರು ಹೆಸರಿನ ಪಟ್ಟಿ ಹಿಡಿದು ಅದೇ ಹುಲ್ಲಿನ ಮೇಲೆ ನಡೆದು ಬರುತ್ತಿದ್ದರು. ನಡುವೆ ನಿಂತರು, ಬಗ್ಗಿದರು, ಏನೋ ಹೆಕ್ಕಿದರು. ಎರಡು ಹೆಜ್ಜೆ ಬಂದು ಮತ್ತೆ ಬಗ್ಗಿದರು. ಕನ್ನಡಕ ಹಾಕಿಕೊಂಡು ಒಂದರಲ್ಲಿ ಮಗಳ ಹೆಸರನ್ನೂ ಇನ್ನೊಂದರಲ್ಲಿ ಅಳಿಯನ ಅರ್ಧ ಹೆಸರನ್ನೂ ಓದಿದರು. ಎರಡರ ಅಂಚೂ ಸುಟ್ಟು ಕಪ್ಪಾಗಿತ್ತು. ನಾನು ಹೂಗ್ಲಿ ನದಿಯ ಕಡೆ ನೋಡುತ್ತಾ ನಿಂತೆ.

ಅವರು ಬಂದು ಪಟ್ಟಿ ಓದತೊಡಗಿದರು. ಒಂದು, ಎರಡು, ಮೂರು, ನಾಲ್ಕು. ಯಾವುದೂ ನನ್ನ ಹೆಸರಲ್ಲ. ಅಲ್ಲಿಗೆ ನಿಲ್ಲಿಸಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಚಿನ್ನದಂಚಿನ ಕಾರ್ಡಿಗೆ ಕೈ ಹಾಕಿದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ. ಆಮೇಲೆ ಅವರು ಐದನೆಯದಾಗಿ ನನ್ನ ಹೆಸರು ಓದಿದರು. ಉಳಿದವರು ಕೈಕುಲುಕಿ ಚಹಾಕ್ಕೆ ಹೋದರು. ನನ್ನ ಕಣ್ಣು ಒದ್ದೆಯಾಗಿತ್ತು.

ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವರು ಅಂಗೈ ತೋರಿಸಿ ತಡೆದು, ಸುಟ್ಟ ಎರಡು ಬಿಲ್ಲೆಗಳನ್ನು ನನ್ನ ಜೇಬಿಗೆ ಹಾಕಿದರು.

"ಜೋಪಾನವಾಗಿ ಇಟ್ಟುಕೊಳ್ಳಿ," ಎಂದರು. "ಗುರುವಾರ ಗೇಟಿನಲ್ಲಿ ತೋರಿಸ್ಲಿಕ್ಕುಂಟು."