ಪಕ್ಕದ ಮನೆಯ ಗಿಟಾರ್ ರಾಯರು

ಬೇರೆಯವರ ಮನೆಯಲ್ಲಿ ತಮಾಷೆ ನಡೆಯಬೇಕಾದರೆ ಯಾರಾದರೂ ಜಾರಿ ಬೀಳಬೇಕು, ಇಲ್ಲವೇ ಕಾಫಿಗೆ ಸಕ್ಕರೆ ಹಾಕುವುದು ಮರೆತುಹೋಗಬೇಕು. ನಮಗೆ ಆ ಕಷ್ಟವಿಲ್ಲ. ಪಕ್ಕದ ಮನೆಯಲ್ಲಿ ಒಬ್ಬ ಹಾಡುಗಾರರಿದ್ದಾರೆ, ನಮ್ಮ ಮನೆಯಲ್ಲಿ ನನ್ನ ಅತ್ತೆ ಇದ್ದಾರೆ, ನಡುವೆ ಎದೆಮಟ್ಟದ ಒಂದು ಬೇಲಿ ಇದೆ. ಇಷ್ಟಿದ್ದರೆ ದಿನಕ್ಕೊಂದು ನಡೆಯುತ್ತಲೇ ಇರುತ್ತದೆ.

ಊರು ಕ್ಯಾಲಿಫೋರ್ನಿಯಾದ ನೆವಾರ್ಕ್. ನಾನು ಸಾಂಟಾ ಕ್ಲಾರಾದ ಚಿಪ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದವಳು, ಜೊತೆಗೆ ಇಲ್ಲಿನ ಕನ್ನಡ ಸಂಘಕ್ಕೆ ಸಾಂಸ್ಕೃತಿಕ ಕಾರ್ಯದರ್ಶಿ. ಅಂದರೆ ಮೈಕು ಕೆಟ್ಟರೆ ಎಲ್ಲರೂ ಬೈಯುವುದು ನನ್ನನ್ನು. ಪಕ್ಕದ ಮನೆಯ ಹಾಡುಗಾರರು ಎಪ್ಪತ್ತು ದಾಟಿದ ಅಮೆರಿಕನ್ನರು. ಹಗಲೆಲ್ಲ ಸ್ಕೂಲ್ ಬಸ್ ಓಡಿಸಿ, ಸಂಜೆ ತಾವೇ ಹಾಡು ಬರೆದು, ತಾವೇ ರಾಗ ಹಾಕಿ, ಗಿಟಾರ್ ಹಿಡಿದು ಹಾಡುತ್ತ ಬಂದವರು. ವಯಸ್ಸಿನಲ್ಲಿದ್ದಾಗ ಅವರ ಕೆಲವು ರೆಕಾರ್ಡುಗಳೂ ಬಂದಿದ್ದವು. ಕೊಂಡವರು ಯಾರೆಂದು ಕೇಳಿದರೆ ಗ್ಯಾರೇಜಿನ ಬಾಗಿಲು ತೆರೆದು ತೋರಿಸುತ್ತಾರೆ. ಎಲ್ಲವೂ ಅಲ್ಲೇ ಇವೆ.

ಸಂಗೀತದವರನ್ನು ಬರೀ ಹೆಸರು ಹಿಡಿದು ಕರೆಯುವುದು ಮೈಸೂರಿನ ಕಡೆ ಮರ್ಯಾದೆಯಲ್ಲ ಎಂದು ನನ್ನ ಅತ್ತೆ ಅವರಿಗೆ ಗಿಟಾರ್ ರಾಯರು ಎಂದು ಹೆಸರಿಟ್ಟರು. ಅವರು ಈಗ ಸ್ವಂತ ಹೆಸರಿಗಿಂತ ಅದಕ್ಕೇ ಬೇಗ ಓಗೊಡುತ್ತಾರೆ.

ಪಿಜ್ಜಾ ಅಂಗಡಿಯಲ್ಲಿ ಕಚೇರಿ

ನಾವು ಆ ಮನೆಗೆ ಬಂದ ಹೊಸತು. ಪಕ್ಕದ ಮನೆಯವರು ಪಿಜ್ಜಾ ಅಂಗಡಿಯೊಂದರಲ್ಲಿ ಹಾಡುತ್ತಾರೆಂದು ಪೋಸ್ಟ್ ಹಾಕುವಾಕೆ ಹೇಳಿದಳು. ಇನ್ನೂ ಪರಿಚಯವಾಗಿರಲಿಲ್ಲ, ಆದರೂ ನೆರೆಯವರು ಹಾಡುವಾಗ ಹೋಗದಿದ್ದರೆ ಹೇಗೆ ಎಂದು ನಾನು, ನನ್ನ ಗಂಡ, ಮಗಳು ಮೂವರೂ ಹೋದೆವು. ಅಂಗಡಿ ತುಂಬ ಜನ. ಎಲ್ಲರೂ ಮಾತಾಡುತ್ತಿದ್ದಾರೆ, ಎಲ್ಲರೂ ತಿನ್ನುತ್ತಿದ್ದಾರೆ, ಒಬ್ಬರೂ ಅವರ ಕಡೆ ನೋಡುತ್ತಿಲ್ಲ. ನಾವು ಮಾತ್ರ ಕುರ್ಚಿಗಳನ್ನು ಎಳೆದುಕೊಂಡು ಹೋಗಿ, ಗಿಟಾರಿಗೆ ಎದುರಾಗಿ ಸಾಲಾಗಿ ಕೂತೆವು. ಪಿಜ್ಜಾ ಮುಟ್ಟಲಿಲ್ಲ. ಕಚೇರಿಯಲ್ಲಿ ಹಾಡುವವರ ಎದುರಿಗೇ ಕೂತು ತಿನ್ನುವುದುಂಟೇ? ಕೈಕಟ್ಟಿಕೊಂಡು, ಕಣ್ಣು ಮಿಟುಕಿಸದೆ ಕೇಳಿದೆವು.

ಹಾಡುಗಾರರು ಬೆವರತೊಡಗಿದರು. ಎರಡು ಹಾಡಾದ ಮೇಲೆ ಗಿಟಾರ್ ಕೆಳಗಿಟ್ಟು ನಮ್ಮ ಬಳಿ ಬಂದು, ನಾವು ಸಿಟಿ ಆಫೀಸಿನವರೇ, ಸದ್ದಿನ ಬಗ್ಗೆ ದೂರು ಬಂದಿದೆಯೇ ಎಂದು ಮೆಲ್ಲಗೆ ವಿಚಾರಿಸಿದರು. ಇಲ್ಲ, ಪಕ್ಕದ ಮನೆಯವರು, ಹಾಡು ಕೇಳಲು ಬಂದಿದ್ದೇವೆ ಎಂದೆವು. ಅವರಿಗೆ ನಂಬಿಕೆ ಬರಲಿಲ್ಲ. ಇಷ್ಟು ವರ್ಷಗಳಲ್ಲಿ ತಮಗೆ ಎದುರಾಗಿ ಕೂತು ಕೇಳಿದವರು ಇಬ್ಬರೇ, ಒಬ್ಬರು ತೀರಿಹೋದ ತಮ್ಮ ಹೆಂಡತಿ, ಇನ್ನೊಬ್ಬರು ಟ್ಯಾಕ್ಸ್ ಆಫೀಸಿನಿಂದ ಬಂದವರು ಎಂದರು.

ಅಷ್ಟರಲ್ಲಿ ಬರ್ತ್‌ಡೇ ಪಾರ್ಟಿಯ ಮೇಜಿನಿಂದ ಒಬ್ಬ ಕೈ ಎತ್ತಿ, ಬೇರೆ ಯಾರೋ ಹೆಸರಾಂತ ಗಾಯಕರ ಹಾಡು ಹಾಡುವಂತೆ ಹೇಳಿದ. ಇವರು ಕಷಾಯ ಕುಡಿದ ಮುಖ ಮಾಡಿಕೊಂಡು ಹೋಗಿ ಹಾಡಿಬಂದರು. ಅವರ ಜೀವನಪೂರ್ತಿ ನಡೆದದ್ದು ಇದೇ. ಜನ ಕೇಳುವುದೆಲ್ಲ ಬೇರೆಯವರ ಹಾಡು. ಈ ವರ್ಷ ಮುಗಿದರೆ ಹಾಡುವುದನ್ನೇ ನಿಲ್ಲಿಸಿಬಿಡುತ್ತೇನೆ, ಅಷ್ಟರೊಳಗೆ ಗುರುತುಪರಿಚಯವಿಲ್ಲದ ಯಾರಾದರೂ ಒಬ್ಬರು ತಾವಾಗಿ ನನ್ನ ಹಾಡು ಬೇಕು ಎಂದರೆ ಸಾಕು ಎಂದರು. ನನಗೆ ಬೇಜಾರಾಯಿತು. ನನ್ನ ಗಂಡ ತಕ್ಷಣ, ಅದಕ್ಕೇನು, ನಾವೇ ಕೇಳುತ್ತೇವಲ್ಲ, ಹಾಡಿ ಎಂದರು.

"ನೀವು ಲೆಕ್ಕಕ್ಕಿಲ್ಲ" ಎಂದರು ಅವರು. "ಬೇಲಿ ಪಕ್ಕದಲ್ಲಿರೋರಿಗೆ ಬೇರೆ ದಾರಿ ಏನಿದೆ?"

ಅತ್ತೆಯ ಮೆಚ್ಚುಗೆ

ಬೇಸಿಗೆಯಲ್ಲಿ ಅತ್ತೆ ಬಂದರು. ಮೈಸೂರಿನಲ್ಲಿ ಒಂದು ಕಚೇರಿಯನ್ನೂ ಬಿಡದೆ ಕೇಳಿದವರು. ಇಲ್ಲಿಗೆ ಬಂದ ಮೇಲೆ ಕಿವಿ ಒಣಗಿಹೋಗಿದೆ ಎಂದು ಕೊರಗುತ್ತಿದ್ದರು. ಹೀಗಿರುವಾಗ ಒಂದು ಭಾನುವಾರ ರಾಯರು ತಮ್ಮ ಹಿತ್ತಿಲಿನಲ್ಲಿ ಕೂತು ಹಾಡು ಶುರು ಮಾಡಿದರು. ಅತ್ತೆ ಬೇಲಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ತೊಡೆಯ ಮೇಲೆ ತಾಳ ಹಾಕುತ್ತ ಕೂತರು. ನಾನು ಗ್ರೋಸರಿ ತರಲು ಹೊರಟೆ.

ಹಾಡಿನಲ್ಲಿ ಒಂದು ಒಳ್ಳೆಯ ಜಾಗ ಬಂತಂತೆ. ಅತ್ತೆ ಕಣ್ಣು ಮುಚ್ಚಿ, ತಲೆ ತೂಗಿ, ನಾಲಿಗೆಯಲ್ಲಿ ಚ್ಚ್ ಚ್ಚ್ ಚ್ಚ್ ಎಂದರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲ. ಆದರೆ ಅಮೆರಿಕದಲ್ಲಿ ಹಾಗೆ ಸದ್ದು ಮಾಡುವುದು, ಮಕ್ಕಳು ಕಾರ್ಪೆಟ್ಟಿನ ಮೇಲೆ ಜ್ಯೂಸ್ ಚೆಲ್ಲಿದಾಗ. ರಾಯರು ತಕ್ಷಣ ಹಾಡು ನಿಲ್ಲಿಸಿ, ಸಾರಿ ಎಂದು ಬೇರೆ ಹಾಡು ಎತ್ತಿಕೊಂಡರು. ಅದರಲ್ಲಿ ಇನ್ನೂ ಒಳ್ಳೆಯ ಜಾಗ ಬಂತು. ಅತ್ತೆ ಇನ್ನೂ ಜೋರಾಗಿ ಚ್ಚ್ ಚ್ಚ್ ಎಂದರು. ರಾಯರು ಅದನ್ನೂ ಕೈಬಿಟ್ಟರು.

ನಾನು ಚೀಲ ಹಿಡಿದು ವಾಪಸ್ ಬರುವ ಹೊತ್ತಿಗೆ ರಾಯರ ಇಡೀ ಜೀವಮಾನದ ಹಾಡುಗಳು ಅರ್ಧರ್ಧ ಮುಗಿದಿದ್ದವು. ಅವರು ತಲೆ ತಗ್ಗಿಸಿ ಕೂತಿದ್ದರು. ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, "ಪಾಪ ಕಣಮ್ಮ, ಎಂಥಾ ಕಂಠ! ಆದ್ರೆ ಒಂದೂ ಪೂರ್ತಿ ಜ್ಞಾಪಕ ಇಲ್ಲ. ಬಾದಾಮಿ ನೆನೆಸಿ ಕೊಡೋಣ್ವಾ?" ಎಂದರು.

ನಾನು ಇಬ್ಬರಿಗೂ ಬಿಡಿಸಿ ಹೇಳಿದೆ. ರಾಯರ ಮುಖ ಅರಳಿತು. ತೀರ ಅರಳಿತು ಎನ್ನಬೇಕು. ಮುಂದಿನ ವಾರ ಪಿಜ್ಜಾ ಅಂಗಡಿಯಲ್ಲಿ ಒಬ್ಬ ತಾಯಿ, ಮಗ ಸೋಡಾ ಚೆಲ್ಲಿದ್ದಕ್ಕೆ ಚ್ಚ್ ಚ್ಚ್ ಎಂದಾಗ ಇವರು ಹಾಡು ನಿಲ್ಲಿಸಿ, ಎದೆಯ ಮೇಲೆ ಕೈಯಿಟ್ಟು, ಆಕೆಗೆ ಬಗ್ಗಿ ಥ್ಯಾಂಕ್ಸ್ ಹೇಳಿದರು.

ಪೂಜೆಗೆ ಕೂತ ಗಿಟಾರು

ನವರಾತ್ರಿಯ ಸರಸ್ವತಿ ಪೂಜೆಗೆ ಅತ್ತೆ ಮಗಳ ಪುಸ್ತಕಗಳು, ನನ್ನ ಲ್ಯಾಪ್‌ಟಾಪು ಎಲ್ಲ ಜೋಡಿಸಿಟ್ಟರು. ಪಕ್ಕದಲ್ಲೇ ವಿದ್ವಾಂಸರಿರುವಾಗ ಒಂದು ವಾದ್ಯವಿಲ್ಲದೆ ಎಂಥ ಪೂಜೆ ಎಂದು ರಾಯರ ಗಿಟಾರನ್ನೂ ಇಸಿದುಕೊಂಡು ಬಂದರು. ಅರಿಶಿನ ಕುಂಕುಮ ಹಚ್ಚಿದರು, ಹೂ ಮುಡಿಸಿದರು, ಮಂಗಳಾರತಿ ಎತ್ತಿದರು. ರಾಯರು ಕೈಮುಗಿದು ನಿಂತಿದ್ದರು. ಈ ಗಿಟಾರಿಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ ಎಂದು ಕಣ್ಣೊರೆಸಿಕೊಂಡರು. ಕೋಸಂಬರಿ ಎರಡು ಸಲ ಹಾಕಿಸಿಕೊಂಡರು.

ತೊಂದರೆ ಬಂದದ್ದು ಸಂಜೆ. ಪಾಲೋ ಆಲ್ಟೋದ ಕಾಫಿ ಅಂಗಡಿಯಲ್ಲಿ ಅವರ ಹಾಡಿತ್ತು, ಗಿಟಾರ್ ತೆಗೆದುಕೊಳ್ಳಲು ಬಂದರು. ಅತ್ತೆ ಅಡ್ಡ ನಿಂತರು. ಪೂಜೆಗಿಟ್ಟ ಪುಸ್ತಕವನ್ನು ಓದುವಂತಿಲ್ಲ, ವಾದ್ಯವನ್ನು ನುಡಿಸುವಂತಿಲ್ಲ, ನಾಳೆ ವಿಸರ್ಜನೆಯಾದ ಮೇಲೆಯೇ ಎಂದರು. ನಾನು ಎಷ್ಟು ಹೇಳಿದರೂ ಜಗ್ಗಲಿಲ್ಲ. ನನ್ನ ಲ್ಯಾಪ್‌ಟಾಪನ್ನೇ ಕೊಟ್ಟಿರಲಿಲ್ಲ, ನಾನು ಹೊಟ್ಟೆನೋವೆಂದು ಆಫೀಸಿಗೆ ರಜೆ ಹಾಕಿದ್ದೆ. ರಾಯರು ಸ್ವಲ್ಪ ಹೊತ್ತು ದೇವರ ಮುಂದಿದ್ದ ಗಿಟಾರನ್ನು ನೋಡಿ, ಇರಲಿ, ಅದೂ ಒಂದು ದಿನ ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಬರಿಗೈಯಲ್ಲಿ ಹೊರಟರು. ತಪ್ಪು ನಮ್ಮದಾದ್ದರಿಂದ ನಾನೂ ಜೊತೆಗೆ ಹೋದೆ.

ಕಾಫಿ ಅಂಗಡಿಯಲ್ಲಿ ಎದ್ದು ನಿಂತು, ನನ್ನ ಗಿಟಾರಿಗೆ ಇವತ್ತು ಪೂಜೆ ನಡೀತಿದೆ, ಅದು ಬರೋಕಾಗಲ್ಲ ಎಂದು ಹೇಳಿ, ಬರೀ ಕಂಠದಲ್ಲಿ ಹಾಡತೊಡಗಿದರು. ಕಾಲೇಜು ಮಕ್ಕಳೆಲ್ಲ ಒಬ್ಬೊಬ್ಬರಾಗಿ ತಲೆ ಎತ್ತಿದರು. ಕಾಫಿ ಮಾಡುವವನು ಮಿಷಿನ್ ನಿಲ್ಲಿಸಿದ. ಹಾಡು ಮುಗಿದಾಗ ಒಬ್ಬ ಹುಡುಗಿ ಎದ್ದು ನೇರವಾಗಿ ರಾಯರ ಹತ್ತಿರ ಬಂದಳು. ಗುರುತಿಲ್ಲದ ಹುಡುಗಿ, ತಾನಾಗಿ ಬರುತ್ತಿದ್ದಾಳೆ! ರಾಯರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಅವಳು ಕೇಳಿದ್ದು, ಗಿಟಾರನ್ನು ನೋಡುವುದಕ್ಕೆ ಎಲ್ಲಿಗೆ ಬರಬೇಕು ಎಂದು. ಮಾರನೆಯ ದಿನ ಅವಳೂ ಅವಳ ಗೆಳತಿಯರೂ ಬಂದು ಕೈಮುಗಿದು ಪ್ರಸಾದ ತಿಂದು ಹೋದರು. ರಾಯರಿಗಿಂತ ಮೊದಲು ಅವರ ಗಿಟಾರು ಹೆಸರು ಮಾಡಿತು.

ಹಾಡುವ ಮೊದಲೇ ಸನ್ಮಾನ

ನವೆಂಬರಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವ. ಸಾಂಟಾ ಕ್ಲಾರಾದಲ್ಲಿ ಸ್ಕೂಲೊಂದರ ಹಾಲು ತುಂಬಿತ್ತು. ಬೆಂಗಳೂರಿನಿಂದ ಸಿನಿಮಾ ಹಿನ್ನೆಲೆ ಗಾಯಕರು ಬರಬೇಕಿತ್ತು. ಮಂಜಿನಿಂದಾಗಿ ಅವರ ವಿಮಾನ ಬೇರೆ ಊರಿನಲ್ಲಿ ಇಳಿದಿದೆ, ಬರುವುದು ತಡವಾಗುತ್ತದೆ ಎಂದು ಫೋನ್ ಬಂತು. ಮಕ್ಕಳ ಡಾನ್ಸು ಮುಗಿದಿತ್ತು, ಅಧ್ಯಕ್ಷರ ಭಾಷಣವೂ ಮುಗಿದಿತ್ತು, ಜನ ಊಟದ ಕಡೆ ನೋಡತೊಡಗಿದ್ದರು. ರಾಯರು ಬಿಸಿಬೇಳೆಬಾತಿನ ಆಸೆಗೆ ಅತ್ತೆಯ ಜೊತೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಗಿಟಾರು ಯಾವಾಗಲೂ ಕಾರಿನಲ್ಲೇ ಇರುತ್ತದೆ. ಇವರಿಂದ ಹಾಡಿಸೋಣ ಎಂದು ನಾನು ಅಧ್ಯಕ್ಷರಿಗೆ ಹೇಳಿದೆ.

ಅಧ್ಯಕ್ಷರು ಧಾರವಾಡದವರು, ಉಪಚಾರದಲ್ಲಿ ಬಹಳ ಬಿಗಿ. "ಬರಿಗೈಲೆ ಸ್ಟೇಜ್ ಮ್ಯಾಲ ಹತ್ತಿಸಿದ್ರ ನಮ್ಮ ಸಂಘದ ಮರ್ಯಾದಿ ಏನಾಗಬೇಕ್ರಿ? ಮೊದಲ ಸನ್ಮಾನ, ಆಮ್ಯಾಲ ಹಾಡು" ಎಂದರು.

ಹೀಗೆ ಸಿನಿಮಾ ಗಾಯಕರಿಗೆಂದು ತಂದಿದ್ದ ಶಾಲು, ಗಂಧದ ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ರಾಯರ ಮೇಲೆ ಏರಿದವು. ಅಧ್ಯಕ್ಷರು ಗಾಯಕರಿಗಾಗಿ ಬಾಯಿಪಾಠ ಮಾಡಿಕೊಂಡು ಬಂದಿದ್ದ ಹೊಗಳಿಕೆಯನ್ನೂ ಹಾಗೆಯೇ ಒಪ್ಪಿಸಿದರು. ಇವರ ಹಾಡು ಕೇಳದ ಮನೆಯೇ ಇಲ್ಲ ಎಂದರು. ಅಧ್ಯಕ್ಷರು ಏನು ಹೇಳುತ್ತಿದ್ದಾರೆ ಎಂದು ರಾಯರು ಕೇಳಿದಾಗ ನಾನು ಅನುವಾದ ಮಾಡಿದೆ. ನಿಮ್ಮ ಮನೆ ಮಟ್ಟಿಗೆ ಅದು ನಿಜ ಎಂದರು.

ಆಮೇಲೆ ಹಣ್ಣಿನ ಬುಟ್ಟಿ ಹಿಡಿದುಕೊಂಡು, ಪೇಟ ಅಲ್ಲಾಡದಂತೆ ಕತ್ತನ್ನು ನೆಟ್ಟಗಿಟ್ಟುಕೊಂಡು, ನನ್ನ ಕಿವಿಯಲ್ಲಿ ಕೇಳಿದರು: "ನಾನಿನ್ನೂ ಹಾಡಿಯೇ ಇಲ್ಲ. ಚೆನ್ನಾಗಿ ಹಾಡದಿದ್ರೆ ಇದನ್ನೆಲ್ಲ ವಾಪಸ್ ಕೊಡಬೇಕಾ?"

ಯಾವ ಹಾಡು ಹಾಡಲಿ?

ರಾಯರು ಎತ್ತಿಕೊಂಡದ್ದು ತಮ್ಮದೇ ಉಪ್ಪಿನ ಗುಡ್ಡದ ಹಾಡು. ನೆವಾರ್ಕಿನ ಅಂಚಿನಲ್ಲಿ ಕೊಲ್ಲಿಯ ನೀರು ಒಣಗಿಸಿ ಉಪ್ಪು ತೆಗೆಯುತ್ತಾರೆ, ಅದರ ರಾಶಿ ದೂರಕ್ಕೆ ಬೆಳ್ಳಗೆ ಕಾಣುತ್ತದೆ. ಊರಿಗೆ ಹೊಸದಾಗಿ ಬಂದ ಮಗು ಸ್ಕೂಲ್ ಬಸ್ಸಿನ ಕಿಟಕಿಯಿಂದ ಅದನ್ನು ನೋಡಿ, ಹಿಮ ಎಂದುಕೊಂಡು ಓಡಿಹೋಗಿ ನಾಲಿಗೆ ಇಡುತ್ತದೆ. ಉಪ್ಪು! ಆದರೂ ಮನೆಗೆ ಹೋಗಿ ಹಿಮ ತಿಂದೆ ಎಂದೇ ಹೇಳುತ್ತದೆ. ಹಾಡು ಇಷ್ಟೇ.

ಹೊರಗೆ ಓಡಾಡಿಕೊಂಡಿದ್ದ ಮಕ್ಕಳೆಲ್ಲ, ಅಂತೂ ಅರ್ಥವಾಗುವಂಥದ್ದು ಒಂದು ಬಂತು ಎಂದು ಒಳಗೆ ಬಂದು ಪಲ್ಲವಿಗೆ ದನಿಗೂಡಿಸಿದರು. ಅತ್ತೆ ನನ್ನಿಂದ ಅರ್ಥ ಕೇಳಿಕೊಂಡು, ಇಂಗ್ಲಿಷ್ ಬಾರದ ಹಿರಿಯರಿಗೆಲ್ಲ ತಿರುಗಿ ತಿರುಗಿ, "ಹಿಮ ಅನ್ಕೊಂಡು ನೆಕ್ಕಿದ್ರೆ ಉಪ್ಪಂತೆ ಕಣ್ರೀ, ಮನೇಲಿ ಮಾತ್ರ ಹಿಮಾನೇ ತಿಂದೆ ಅಂತ ಹೇಳ್ತಂತೆ" ಎಂದು ಹೇಳಿದರು. ಹಾಲಿಗೆ ಹಾಲೇ ನಕ್ಕಿತು. ಊರಿಗೆ ಫೋನ್ ಮಾಡಿದಾಗ ಉಪ್ಪನ್ನು ಹಿಮ ಎಂದು ಹೇಳದವರು ನಮ್ಮಲ್ಲಿ ಯಾರಿದ್ದರು? ನಗುತ್ತಲೇ ಕೆಲವರು ಕಣ್ಣೊರೆಸಿಕೊಂಡರು, ನಾನೂ. ಚ್ಚ್ ಚ್ಚ್ ಎಂಬ ಸದ್ದು ಎಲ್ಲ ಸಾಲುಗಳಿಂದಲೂ ಬಂತು.

ಹಾಡು ಮುಗಿಯಿತು. ಚಪ್ಪಾಳೆ ಶುರುವಾಗುತ್ತಿದ್ದಂತೆಯೇ ಹಿಂದಿನ ಬಾಗಿಲು ತೆರೆದು ಸಿನಿಮಾ ಗಾಯಕರು ಒಳಗೆ ಬಂದರು. ಜನರೆಲ್ಲ ಆ ಕಡೆ ತಿರುಗಿದರು, ಫೋನುಗಳು ಮೇಲೆದ್ದವು, ಚಪ್ಪಾಳೆಯೂ ಅತ್ತ ಹೋಯಿತು. ರಾಯರು ಯಾರಿಗೂ ತೊಂದರೆಯಾಗದಂತೆ ಗಿಟಾರ್ ಎತ್ತಿಕೊಂಡು ಪಕ್ಕದ ಮೆಟ್ಟಿಲಿನಿಂದ ಇಳಿದು ಬಂದು ಅತ್ತೆಯ ಪಕ್ಕ ಕೂತರು. ಜನ ಚೆನ್ನಾಗಿ ಕೇಳಿದರು, ಅಷ್ಟು ಸಾಕು ಎಂದರು. ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು. ಆ ಗಾಯಕರ ಕಾರು ಇನ್ನೈದು ನಿಮಿಷ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರೆ ಏನಾಗುತ್ತಿತ್ತು ಎನಿಸಿತು.

ಗಾಯಕರು ಒಳ್ಳೆಯ ಮನುಷ್ಯರು. ತಡವಾದುದಕ್ಕೆ ಕ್ಷಮೆ ಕೇಳಿದರು. ಮೈಕ್ ಹಿಡಿದು, ಇವತ್ತು ನಿಮ್ಮಿಷ್ಟದ ಹಾಡಿನಿಂದಲೇ ಶುರು ಮಾಡುತ್ತೇನೆ, ಯಾವುದು ಹಾಡಲಿ ಎಂದರು. ಕೊನೆಯ ಸಾಲಿನಲ್ಲಿ ಒಬ್ಬ ಅಜ್ಜ ಎದ್ದು ನಿಂತರು. ಅವರು ಯಾರೆಂದು ನನಗೆ ಈಗಲೂ ಗೊತ್ತಿಲ್ಲ.

"ಸ್ವಾಮಿ, ಆ ಉಪ್ಪಿನ ಗುಡ್ಡದ್ದು ಹಾಡಿ" ಎಂದರು.

ಮಕ್ಕಳು ಹೋ ಎಂದರು. ಆಮೇಲೆ ಇಡೀ ಹಾಲು, ಉಪ್ಪಿನ ಗುಡ್ಡ, ಉಪ್ಪಿನ ಗುಡ್ಡ ಎಂದು ಚಪ್ಪಾಳೆಯ ತಾಳ ಹಾಕತೊಡಗಿತು. ಗಾಯಕರು ತಬ್ಬಿಬ್ಬಾದರು. ಅದು ಯಾವ ಸಿನಿಮಾದ್ದು ಎಂದು ಅಧ್ಯಕ್ಷರನ್ನು ಮೆಲ್ಲಗೆ ಕೇಳಿದ್ದು ಮೈಕಿನಲ್ಲೇ ಕೇಳಿಸಿತು. ಕೊನೆಗೆ ಕೈಮುಗಿದು, ದಯವಿಟ್ಟು ಕ್ಷಮಿಸಿ, ಆ ಹಾಡು ನನಗೆ ಬರುವುದಿಲ್ಲ ಎಂದು ಒಪ್ಪಿಕೊಂಡರು.

ಏನು ನಡೆಯುತ್ತಿದೆ ಎಂದು ನಾನು ರಾಯರಿಗೆ ಹೇಳಿದೆ. ಅವರು ಇನ್ನೊಂದು ಸಲ ಹೇಳು ಎಂದರು. ಹೇಳಿದೆ. ಆಮೇಲೆ ಎದ್ದು ಶಾಲು ಸರಿಮಾಡಿಕೊಂಡರು. ಈ ಸಲ ಪಕ್ಕದ ಮೆಟ್ಟಿಲಿನಿಂದಲ್ಲ, ಎದುರಿನ ಮೆಟ್ಟಿಲಿನಿಂದಲೇ ಹತ್ತಿದರು. ಪೆಚ್ಚಾಗಿ ನಿಂತಿದ್ದ ಆ ಹೆಸರಾಂತ ಗಾಯಕರ ಭುಜದ ಮೇಲೆ ಕೈಯಿಟ್ಟು, ಮೈಕಿನಲ್ಲಿ ಬಹಳ ಕರುಣೆಯಿಂದ ಹೇಳಿದರು:

"ಬೇಜಾರು ಮಾಡ್ಕೋಬೇಡಿ. ಜನ ಯಾವಾಗಲೂ ಬೇರೆಯವರ ಹಾಡನ್ನೇ ಕೇಳೋದು. ಸ್ವಲ್ಪ ವರ್ಷ ಹೋದರೆ ಅಭ್ಯಾಸ ಆಗುತ್ತೆ."