ಬಸುರಿಗೊಂದು ಸೂಜಿ, ಬಳಗಕ್ಕೆಲ್ಲ ನಡುಕ

ಮಳೆಗಾಲ ಶುರುವಾಯಿತೆಂದರೆ ಪುಣೆಯ ಕೋಥರೂಡಿನ ನಮ್ಮ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನನಗೆ ಎರಡು ಕೆಲಸ. ಒಂದು, ಬಸುರಿಯರಿಗೆ ಫ್ಲೂ ಲಸಿಕೆ ಹಾಕುವುದು. ಅದಕ್ಕೆ ಅರ್ಧ ನಿಮಿಷವೂ ಬೇಡ. ಇನ್ನೊಂದು, ಅವರ ಜೊತೆ ಬಂದವರಿಗೆ ಸಮಾಧಾನ ಹೇಳುವುದು. ಅದಕ್ಕೆ ಇಡೀ ಮುಂಜಾನೆ ಸಾಲುವುದಿಲ್ಲ.

ನಾನು ಧಾರವಾಡದವಳು. ಪುಣೆಗೆ ಬಂದು, ಹೆರಿಗೆ ಮಾಡಿಸುತ್ತ ಬಹಳ ವರ್ಷಗಳಾದವು. ಸುತ್ತಲಿನ ಕನ್ನಡದವರೆಲ್ಲ 'ನಮ್ಮ ಕಡೆಯ ಡಾಕ್ಟರು' ಅಂತ ನನ್ನ ಹತ್ತಿರವೇ ಬರುತ್ತಾರೆ. ನಮ್ಮ ಕಡೆಯವಳಾದ್ದರಿಂದಲೇ ನನ್ನ ಮಾತು ಕೇಳುವುದಿಲ್ಲ. ಹೊರಗಿನ ಡಾಕ್ಟರು ಹೇಳಿದರೆ ತಲೆ ಆಡಿಸಬೇಕು, ಮನೆಯವಳಾದರೆ ವಾದ ಮಾಡಬಹುದಲ್ಲ! ಪ್ರತಿ ವರ್ಷ ಅಂದುಕೊಳ್ಳುತ್ತೇನೆ, ಎಲ್ಲ ಥರದ ಅನುಮಾನಗಳನ್ನೂ ಕೇಳಿ ಮುಗಿಸಿದೆ, ಈ ಸಲ ಹೊಸದೇನೂ ಇರಲಿಕ್ಕಿಲ್ಲ ಅಂತ. ಇರುತ್ತದೆ.

ಮಾಲು ಪಾಸು

ಖಡಕಿಯಿಂದ ಒಬ್ಬ ಮಾವನವರು ಸೊಸೆಯನ್ನು ಕರೆದುಕೊಂಡು ಬಂದಿದ್ದರು. ಮದ್ದುಗುಂಡಿನ ಕಾರ್ಖಾನೆಯಲ್ಲಿ ಮಾಲು ತಪಾಸಣೆ ಮಾಡಿ ಮಾಡಿ ನಿವೃತ್ತರಾದವರು. ಲಸಿಕೆಯ ಮಾತೆತ್ತಿದ ಕೂಡಲೇ ಖುರ್ಚಿ ಮುಂದಕ್ಕೆ ಎಳೆದುಕೊಂಡರು.

"ಡಾಕ್ಟರ್ರ, ಈ ಸೂಜ್ಯಾಗ ಇರೂ ವೈರಸ್ಸು ಲೈವೋ, ಡಮ್ಮಿಯೋ?"

ಇಷ್ಟು ಸರಿಯಾದ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

"ಸತ್ತ ವೈರಸ್ಸಿನ ತುಂಡು ರೀ. ಅದಕ್ಕ ರೋಗ ತರೂ ತಾಕತ್ತಿಲ್ಲ. ತಾಯಿಗೂ ಇಲ್ಲ, ಹೊಟ್ಯಾಗಿನ ಕೂಸಿಗೂ ಇಲ್ಲ. ಅದನ್ನ ನೋಡಿ ಮೈ ತಯಾರಾಗ್ತದ, ಅಷ್ಟ."

"ಅಂದರ ಪ್ರಾಕ್ಟೀಸ್ ರೌಂಡು."

"ಹಂಗ ತಿಳೀರಿ."

"ಛಲೋ ಆತು. ಆದರ ಟೆಸ್ಟ್ ಮಾಡದ ನಾ ಯಾವ ಮಾಲೂ ಪಾಸ್ ಮಾಡಿದಾಂವಲ್ಲ. ಮೊದಲ ನನಗ ಹಾಕ್ರಿ."

ಅವರ ವಯಸ್ಸಿನವರೂ ಹಾಕಿಸಿಕೊಳ್ಳಬೇಕಾದ ಲಸಿಕೆಯೇ ಅದು. ಮನಸ್ಸು ಬದಲಾಗುವ ಮೊದಲೇ ಹಾಕಿಬಿಟ್ಟೆ. ಅವರು ಹೊರಗೆ ಹೋಗಿ ಬೆಂಚಿನ ಮೇಲೆ ನೆಟ್ಟಗೆ ಕೂತರು. ಪಕ್ಕದಲ್ಲಿದ್ದವರಿಗೆ, "ಸ್ವಲ್ಪ ಆ ಕಡೆ ಸರೀರಿ" ಅಂದರಂತೆ. ಅರ್ಧ ತಾಸು ಬಿಟ್ಟು ಒಳಗೆ ಬಂದು, "ಏನೂ ಸಿಡೀಲಿಲ್ಲ. ಸೊಸಿಗೆ ಹಾಕ್ರಿ" ಅಂದರು. ಆ ಹುಡುಗಿ ನಗು ತಡೆದುಕೊಂಡು ತೋಳು ಮುಂದೆ ಮಾಡಿದಳು.

ಮರುದಿನ ಅವರದೇ ಫೋನು. ನನಗೆ ಗಾಬರಿಯಾಯಿತು.

"ಸೊಸಿ ಹೆಂಗದಾಳ್ರಿ?"

"ಆಕಿ ಆರಾಮ ಅದಾಳ. ನನ್ನ ರಟ್ಟಿ ನೋಯಾಕತ್ತದ."

"ಒಂದೆರಡು ದಿನ ಇರ್ತದ್ರಿ. ತಾನ ಹೋಗ್ತದ."

"ಅಯ್ಯ, ಕಂಪ್ಲೇಂಟ್ ಅಲ್ರಿ! ಗುಂಡು ಹಾರಿಸಿದ ಮ್ಯಾಲೆ ಬಂದೂಕು ಹಿಂದ ಭುಜಕ್ಕ ಬಡೀತದಲ್ಲ, ಹಂಗ ಆಗೇದ. ಮಾಲು ಖರೇ ಅದ ಅಂತ ಹೇಳಾಕ ಫೋನ್ ಮಾಡ್ದೆ."

ಅತ್ತೆಯವರ ಅನುಭವ

ಎಲ್ಲವೂ ನಗುತ್ತಲೇ ಶುರುವಾಗುವುದಿಲ್ಲ. ಬೆಳಗಾವಿ ಕಡೆಯ ಒಬ್ಬ ಅತ್ತೆಯವರು ಸೊಸೆಯನ್ನು ತಪಾಸಣೆಗೆ ಕರೆತಂದಿದ್ದರು. ನಾನು ಸೊಸೆಗೆ ಕೇಳಿದ ಪ್ರಶ್ನೆಗೆಲ್ಲ ಅತ್ತೆಯೇ ಉತ್ತರ ಕೊಡುತ್ತಿದ್ದರು.

"ಸೂಜಿ ಗೀಜಿ ಏನೂ ಬ್ಯಾಡ್ರಿ. ನಾ ನಾಕ ಮಕ್ಕಳನ್ನ ಹಡದೀನಿ, ಒಂದರ ಸೂಜಿ ಚುಚ್ಚಿಸ್ಕೊಂಡೀನೇನು? ನನಗೇನಾಗೇದ?" ಅಂದು, ಸೆರಗಿನಿಂದ ಮೂಗು ಒರೆಸಿಕೊಂಡು, ನನ್ನ ಮೇಜಿನ ಮೇಲೆ ಜೋರಾಗಿ ಸೀನಿದರು.

"ನಿಮಗ ಜ್ವರ ಇದ್ದಾಂಗ ಕಾಣಸ್ತದ. ಸೊಸಿಯಿಂದ ಸ್ವಲ್ಪ ದೂರ ಇರ್ರಿ."

"ಏ, ಸುಮ್ಮನ ಥಂಡಿ ರೀ ಅದು."

ಸೊಸೆ ನನ್ನನ್ನೂ ನೋಡಿದಳು, ಅತ್ತೆಯನ್ನೂ ನೋಡಿದಳು. ಕಡೆಗೆ ನೆಲ ನೋಡುತ್ತ, "ಮುಂದಿನ ಸಲ ಹಾಕಿಸ್ಕೋತೀನ್ರಿ ಮೇಡಮ್" ಅಂದಳು.

ಆ ಮುಂದಿನ ಸಲ ಬೇಗ ಬಂತು. ಸೊಸೆಗೆ ಮೈ ಸುಡುವ ಜ್ವರ, ಮಾತಿಗೊಮ್ಮೆ ಉಸಿರು ನಿಲ್ಲುತ್ತಿತ್ತು. ನಾನೇ ದೊಡ್ಡ ಆಸ್ಪತ್ರೆಗೆ ಸಾಗಿಸಿದೆ. ಫ್ಲೂ ಪುಪ್ಪುಸಕ್ಕೆ ಇಳಿದಿತ್ತು. ಆಮ್ಲಜನಕದ ಮೇಲೆ ಇಟ್ಟರು. ನಾನು ನೋಡಲು ಹೋದಾಗ ಅತ್ತೆಯವರು ಓಣಿಯಂಥ ಆ ಉದ್ದ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಅಷ್ಟು ಮಾತಾಡುವ ಹೆಂಗಸು ಒಂದೇ ಮಾತು ಕೇಳಿದರು: "ನನ್ನಿಂದನ ಬಂತೇನ್ರಿ?"

"ಯಾರಿಂದ ಬಂತೋ ಹೇಳಾಕ ಆಗೂದಿಲ್ರಿ. ಮೊದಲ ಆಕಿ ಆರಾಮ ಆಗ್ಲಿ" ಅಂದೆ.

ಆರಾಮಾದಳು. ದಿನ ತುಂಬಿ ಹೆರಿಗೆಯೂ ಆಯಿತು. ಹೆಣ್ಣುಕೂಸು, ದನಿ ಮಾತ್ರ ಥೇಟ್ ಅಜ್ಜಿಯದೇ.

ಅಂದಿನಿಂದ ಆ ಅಜ್ಜಿಯವರು ನನ್ನ ಲಸಿಕೆಯ ಪ್ರಚಾರ ಕೈಗೆತ್ತಿಕೊಂಡಿದ್ದಾರೆ. ಅವರ ಅಪಾರ್ಟ್‌ಮೆಂಟಿನಲ್ಲಿ ಯಾರಿಗಾದರೂ ಹುಣಸೆಹಣ್ಣು ತಿನ್ನಬೇಕೆನಿಸಿದರೆ ಸಾಕು, ಮರುದಿನ ನನ್ನ ಮುಂದೆ ಕೂರಿಸುತ್ತಾರೆ. ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗಿಯನ್ನು ಕೈಹಿಡಿದು ಎಳೆದುಕೊಂಡು ಬಂದರು.

"ಈಕಿಗೆ ಹಾಕ್ರಿ."

"ಎಷ್ಟನೇ ತಿಂಗಳಮ್ಮಾ?" ಅಂದೆ.

ಹುಡುಗಿ ಕೆಂಪಗಾದಳು. "ಅಯ್ಯಯ್ಯ, ಮೇಡಮ್! ನಂದಿನ್ನೂ ಮದುವಿನ ಆಗಿಲ್ರಿ!"

ಅಜ್ಜಿ ಅಲುಗಾಡಲಿಲ್ಲ. "ಇವತ್ತಿಲ್ಲ ನಾಳೆ ಆಗ್ತದಲ್ಲ? ಮುಂದ ಅತ್ತಿ ಎಂಥಾಕಿ ಸಿಗ್ತಾಳೋ ಯಾರಿಗ್ಗೊತ್ತು. ಈಗನ ಹಾಕಿ ಕಳಸ್ರಿ!"

ಪೇಶಂಟ್ ಕೋಣ?

ಮೈಸೂರು ಕಡೆಯ ಗಂಡ ಹೆಂಡತಿ, ಇಬ್ಬರೂ ಐಟಿ ಕಂಪನಿಯವರು. ಪುಣೆಗೆ ಬಂದು ಸ್ವಲ್ಪ ದಿನವಾಗಿತ್ತಷ್ಟೆ. ಹೆಂಡತಿಗೆ ಅಷ್ಟಿಷ್ಟು ಮರಾಠಿ ಹತ್ತಿತ್ತು, ಗಂಡನಿಗೆ ಪೂರಾ ಸೊನ್ನೆ. ಆದರೆ ಲಸಿಕೆಯ ವಿಷಯದಲ್ಲಿ ಆತ ಪಂಡಿತ.

"ಡಾಕ್ಟರ್, ನಾನು ಫುಲ್ ರಿಸರ್ಚ್ ಮಾಡಿದೀನಿ. ಮೂಗಿಗೆ ಹಾಕೋ ಸ್ಪ್ರೇ ಪ್ರೆಗ್ನೆನ್ಸಿಲಿ ಬೇಡ, ಇಂಜೆಕ್ಷನ್ ಓಕೆ. ಯಾವ ತಿಂಗಳಲ್ಲಾದ್ರೂ ಸೇಫ್. ಹುಟ್ಟಿದ ಮೇಲೆ ಮೊದಲ ಆರು ತಿಂಗಳು ಮಗುಗೆ ಈ ವ್ಯಾಕ್ಸಿನ್ ಹಾಕೋ ಹಾಗಿಲ್ಲ, ಆಗ ಅಮ್ಮನ ಆಂಟಿಬಾಡೀಸೇ ಕಾಪಾಡೋದು. ಕರೆಕ್ಟಾ?"

ಎಲ್ಲವೂ ಸರಿ. ಇಷ್ಟು ವರ್ಷಕ್ಕೆ ಒಬ್ಬನಾದರೂ ಸಿಕ್ಕನಲ್ಲ ಅಂತ ನನಗೆ ಭಾಳ ಖುಷಿಯಾಯಿತು. ಆತ ಹೆಂಡತಿಯ ಕೈ ಹಿಡಿದುಕೊಂಡು, "ಹೆದರ್ಬೇಡ, ನಾನಿದೀನಿ" ಅಂದ. "ನಂಗೇನೂ ಹೆದರಿಕೆ ಇಲ್ಲ ಕಣೋ" ಅಂದು ಆಕೆ ಮೊಬೈಲು ನೋಡುತ್ತ ಕೂತಳು.

ನರ್ಸ್ ಸೂಜಿ ಚುಚ್ಚಿದಳು. ಹೆಂಡತಿ ಮಿಸುಕಲಿಲ್ಲ. ಹಿಂದೆ ಧಡಕ್ಕನೆ ಸಪ್ಪಳ. ನೋಡಿದರೆ ಪಂಡಿತರು ನೆಲದ ಮೇಲೆ.

ಕಾಲು ಮೇಲೆತ್ತಿ, ಮುಖಕ್ಕೆ ನೀರು ಹೊಡೆದು, ಎಚ್ಚರವಾದ ಮೇಲೆ ಸಕ್ಕರೆ ನೀರು ಕುಡಿಸಿ ಎಬ್ಬಿಸಿದೆವು. ಹೆಂಡತಿ ರಿಕ್ಷಾ ಕರೆದಳು. ಒಂದು ಕಡೆ ನರ್ಸ್, ಇನ್ನೊಂದು ಕಡೆ ವಾಚ್‌ಮನ್, ನಡುವೆ ಆತ ತೂಗಾಡುತ್ತ ಬಂದ. ಹಿಂದೆ ಬಸುರಿ ಹೆಂಡತಿ ಚೀಲ ಹಿಡಿದುಕೊಂಡು ಬಂದಳು. ರಿಕ್ಷಾದವನಿಗೆ ಗೊಂದಲ. ಹೆರಿಗೆ ಆಸ್ಪತ್ರೆ ಬೇರೆ. ಅವನು ಮರಾಠಿಯಲ್ಲಿ, "ಪೇಶಂಟ್ ಕೋಣ?" ಅಂದ.

ಪೇಶಂಟ್ ಯಾರು ಅಂತ ಅವನು ಕೇಳಿದ್ದು. ಮೈಸೂರಿನ ಗಂಡ ಅರೆಗಣ್ಣು ತೆರೆದ. "ಸೂಜಿ ನೋಡಿ ತಲೆ ತಿರುಗ್ತು, ಒಪ್ಕೋತೀನಿ. ಅದಕ್ಕೆ ಕೋಣ ಅಂತ ಬಯ್ಯೋದಾ?"

ಹೆಂಡತಿ ಆತನನ್ನು ರಿಕ್ಷಾದೊಳಗೆ ತಳ್ಳುತ್ತ ಹೇಳಿದಳು: "ಬಯ್ದಿದ್ದಲ್ಲ ಕಣೋ, ಯಾರು ಅಂತ ಕೇಳಿದ್ದು. ಬಿಡು, ಎರಡಕ್ಕೂ ಉತ್ತರ ಒಂದೇ."

ಛಲೋ ಡಾಕ್ಟರು

ಊರ ಮಂದಿಯದೆಲ್ಲ ಹೇಳಿದೆ, ಇನ್ನು ನನ್ನ ಮನೆಯದು. ನನಗಿಂತ ಭಾಳ ಸಣ್ಣವಳಾದ ತಂಗಿಯೊಬ್ಬಳು ಇಲ್ಲೇ ಪುಣೆಯ ಕಾತ್ರಜದಲ್ಲಿದ್ದಾಳೆ. ಆಕೆ ಬಸುರಾದಾಗ ಧಾರವಾಡದಿಂದ ಅವ್ವ ಬಂದಳು. ತಂಗಿಗೆ ಫ್ಲೂ ಲಸಿಕೆ ಹಾಕುತ್ತೇನೆ ಅಂದದ್ದೇ ತಡ, ಅವ್ವ ಅಡ್ಡ ನಿಂತಳು.

"ಕೂಸಿಗೆ ಏನರ ಆದರ?"

"ಏನೂ ಆಗೂದಿಲ್ಲವ್ವ. ಎಷ್ಟು ಮಂದಿಗೆ ಹಾಕೀನಿ. ಹಾಕದ ಇದ್ದರನ ಅಂಜಿಕಿ."

ಆ ಆಮ್ಲಜನಕದ ಕಥೆಯನ್ನೂ ಹೇಳಿದೆ. ಅವ್ವನ ಕಣ್ಣಲ್ಲಿ ನೀರು ಬಂತು. "ಪಾಪ ಹುಡುಗಿ" ಅಂದಳು. ಆಮೇಲೆ ನನ್ನ ತಲೆ ಸವರಿ ಅಂದಳು: "ನೀನೂ ಡಾಕ್ಟರ್ ಅದಿ, ಇಲ್ಲ ಅನ್ನೂದಿಲ್ಲ. ಆದರ ಕೂಸಿನ ವಿಷಯ ನೋಡು. ಒಮ್ಮೆ ಯಾರರ ಛಲೋ ಡಾಕ್ಟರಿಗೆ ಕೇಳೂಣು."

ಮನೆತುಂಬ ನಾನು ಓದಿದ್ದರ ಸರ್ಟಿಫಿಕೇಟು ತೂಗುಹಾಕಿದವಳೂ ಇವಳೇ.

ಎರಡು ದಿನ ಬಿಟ್ಟು, ನನಗೆ ಹೇಳದೆ ತಂಗಿಯನ್ನು ಕರೆದುಕೊಂಡು ಹೋದಳು. ಕಾತ್ರಜದಲ್ಲಿ ಹೊಸ ದವಾಖಾನೆ ತೆರೆದ ಒಬ್ಬ ಮರಾಠಿ ಡಾಕ್ಟರ್ ಹುಡುಗಿಯ ಹತ್ತಿರ. ನೆರೆಮನೆಯವರು ಭಾಳ ಹೊಗಳಿದ್ದರಂತೆ. ನಾನು ಆಸ್ಪತ್ರೆಯಲ್ಲಿದ್ದಾಗ ಆಕೆಯದೇ ಫೋನು ಬಂತು. ನನ್ನ ಕೈಕೆಳಗೆ ಮೂರು ವರ್ಷ ಕೆಲಸ ಕಲಿತ ಹುಡುಗಿ ಅದು. ತಂಗಿಯ ಗುರುತು ಹಿಡಿದಿದ್ದಳು. ಅವ್ವನಿಗೆ ತಿಳಿಯದ ಹಾಗೆ ಮೆಲ್ಲಗೆ ಮರಾಠಿಯಲ್ಲಿ ಕೇಳಿದಳು: "ಮ್ಯಾಡಮ್, ನಿಮ್ಮ ತಾಯಿ, ತಂಗಿ ನನ್ನ ಮುಂದೆ ಕೂತಿದ್ದಾರೆ. ಫ್ಲೂ ಲಸಿಕೆ ಹಾಕಬಹುದಾ ಅಂತ ಕೇಳುತ್ತಿದ್ದಾರೆ. ನಾನು ಏನು ಮಾಡಲಿ?"

"ಹಾಕಿ ಕಳಿಸು. ನನ್ನ ಹೆಸರು ಮಾತ್ರ ಎತ್ತಬೇಡ" ಅಂದೆ.

"ಹೋ ಮ್ಯಾಡಮ್, ಹೋ ಮ್ಯಾಡಮ್" ಅಂತ ಮರಾಠಿಯಲ್ಲಿ ಹೂಂಗುಟ್ಟಿ ಫೋನ್ ಇಟ್ಟಳು.

ಸಂಜೆ ನಾನು ತಂಗಿಯ ಮನೆಗೆ ಹೋದೆ. ತಂಗಿ ನನ್ನ ಮುಖ ನೋಡದೆ ಅಡಿಗೆಮನೆಗೆ ಓಡಿ ನಗತೊಡಗಿದಳು. ಅವ್ವ ಮಾತ್ರ ಗೆದ್ದವಳ ಹಾಗೆ ಕೂತಿದ್ದಳು.

"ಸೂಜಿ ಹಾಕಿಸ್ಕೊಂಡು ಬಂದ್ವಿ."

"ಹೌದಾ? ಆ ಡಾಕ್ಟರೂ ನಾ ಹೇಳಿದ್ದನ್ನ ಹೇಳಿದ್ಲು ಹಂಗಾದರ."

"ಆಕೀದು ನಿಂದು ಹೋಲಿಸಬ್ಯಾಡ" ಅಂದಳು ಅವ್ವ. "ಎಷ್ಟು ಛಲೋ ಹುಡುಗಿ ಅದು! ಒಂದಿಷ್ಟೂ ಸೊಕ್ಕಿಲ್ಲ. ತನಗ ಗೊತ್ತಿದ್ದರೂ, ನಮ್ಮೆದುರಿಗೇನ ತನ್ನ ಮ್ಯಾಲಿನ ದೊಡ್ಡ ಡಾಕ್ಟರಿಗೆ ಫೋನ್ ಹಚ್ಚಿ ಕೇಳಿದ್ಲು. ಅಂಥಾ ದೊಡ್ಡ ಡಾಕ್ಟರ್ ಹತ್ರ ಹೋಗಿ ಸ್ವಲ್ಪ ದಿನ ನೀನೂ ಕಲೀಬಾರದೇನು?"