ಮಾವನ ಗಡ್ಡದ ನಕಲು

ವೆಂಡೆಲ್ ಹ್ಯಾಸ್ಕಿನ್ಸ್ ಊಟಕ್ಕೆ ಕೂತನೆಂದರೆ ಎದುರು ಗೋಡೆಯಿಂದ ಮಾವನ ಗಡ್ಡ ಅವನ ತಟ್ಟೆಯನ್ನೇ ದಿಟ್ಟಿಸುತ್ತಿತ್ತು. (ಗಡ್ಡಕ್ಕೆ ಕಣ್ಣಿಲ್ಲ, ನಿಜ. ಈ ಗಡ್ಡ ನೋಡದವರು ಹಾಗೆ ಹೇಳಿಕೊಳ್ಳಲಿ.) ಮಾವ ತೀರಿಕೊಂಡ ಮೇಲೆ ಆ ಫೋಟೋ ರಾಚೆಸ್ಟರಿನ ಈ ಪುಟ್ಟ ಮನೆಗೆ ಬಂತು. ಅದರ ಬೆನ್ನಿಗೇ ಟ್ರಂಕು ಹೊರಿಸಿಕೊಂಡು ಅತ್ತೆ ಅಗಸ್ಟಾ ಬಂದರು. "ಅವರ ಫೋಟೋ ಎಲ್ಲಿರುತ್ತೋ ನಾನೂ ಅಲ್ಲೇ" ಎಂಬುದು ಅವರ ರಾಜಶಾಸನ.

ವೆಂಡೆಲ್ ಎಲ್ಲವನ್ನೂ ಸಹಿಸಿದ, ಒಂದನ್ನು ಬಿಟ್ಟು. ರೇಡಿಯೋದಲ್ಲಿ ಬೇಸ್‌ಬಾಲ್ ಶುರುವಾದ ಕೂಡಲೇ ಅತ್ತೆಗೆ ತಲೆನೋವೂ ಶುರುವಾಗುತ್ತಿತ್ತು.

ಬಫಲೋದಲ್ಲಿದ್ದ ನಾದಿನಿ ವರ್ನಾ ಆ ಫೋಟೋ ತನಗೆ ಬೇಕೆಂದು ಗೋಗರೆಯುತ್ತಿದ್ದಳು. ಕೊಟ್ಟರೆ ಅತ್ತೆಯೂ ಬಫಲೋಗೆ! ಆದರೆ ಹೆಂಡತಿ ಲೊರೀನ್ ಬಿಡಬೇಕಲ್ಲ.

ಆಗಲೇ ವೆಂಡೆಲನ ಆಫೀಸಿಗೆ ಹೊಸ ಯಂತ್ರವೊಂದು ಬಂತು. ನೀರಿಲ್ಲ, ಶಾಯಿಯಿಲ್ಲ, ಒಣ ನಕಲು. ತಗಡಿಗೆ ವಿದ್ಯುತ್ತು ಹಿಡಿಸಿ, ಬೆಳಕು ತೋರಿಸಿ, ಕರಿಪುಡಿ ಉದುರಿಸಿ, ಪುಡಿಯನ್ನು ಕಾಗದಕ್ಕಿಳಿಸಿ ಬಿಸಿ ಮಾಡಿದರೆ ಅದು ಕರಗಿ ಅಂಟಿಕೊಳ್ಳುತ್ತದೆ. ವೆಂಡೆಲ್ ಪತ್ರಗಳನ್ನು ನಕಲಿಸಿ ನೋಡಿದ್ದ, ಒಂದಕ್ಷರ ತಪ್ಪಿರಲಿಲ್ಲ.

"ಅಸಲು ವರ್ನಾಗೆ, ನಕಲು ನಿನಗೆ," ಎಂದು ಲೊರೀನಳಿಗೆ, ಅತ್ತೆಯ ಎದುರಿಗೇ ಘೋಷಿಸಿದ. "ನಕಲು ಅಂದ್ರೂ ಒಂದೇ, ಅಸಲು ಅಂದ್ರೂ ಒಂದೇ!"

"ಸರಿ, ಆದ್ರೆ ನಕಲಲ್ಲೂ ಅಪ್ಪ ಅಪ್ಪನ ಹಾಗೇ ಇರ್ಬೇಕು," ಎಂದಳು ಲೊರೀನ್.

ಶನಿವಾರ ಮಧ್ಯಾಹ್ನ ಫೋಟೋವನ್ನು ಆಫೀಸಿಗೆ ಒಯ್ದು ಕದ್ದುಮುಚ್ಚಿ ನಕಲು ತೆಗೆಯುವಷ್ಟರಲ್ಲಿ ಬಿಸಿ ಮಾಡುವ ಪೆಟ್ಟಿಗೆಯನ್ನು ಅಲ್ಲಿನವರು ಆರಿಸಿಬಿಟ್ಟಿದ್ದರು. ಕಾಗದದ ಮೇಲೆ ಪುಡಿ ಅಂಟದೆ ಸಡಿಲವಾಗಿಯೇ ಇತ್ತು, ಗಡ್ಡವಂತೂ ಕಾಣಿಸಲಿಲ್ಲ. ರೊಟ್ಟಿ ಬೇಯುತ್ತಾ ಕಪ್ಪಾಗುವುದಿಲ್ಲವೇ, ಗಡ್ಡವೂ ಹಾಗೆಯೇ ಇರಬೇಕು ಎಂದುಕೊಂಡು, ಕಾಗದವನ್ನು ತಾನು ತಿಂಡಿ ತಂದಿದ್ದ ಲೊರೀನಳ ಕಡುಬಿನ ತಟ್ಟೆಯಲ್ಲಿಟ್ಟು ಬಸ್ಸು ಹತ್ತಿದ. ಪಕ್ಕದವನಿಗೆ, "ದಯವಿಟ್ಟು ಸೀನಬೇಡಿ, ನಮ್ಮ ಮಾವ ಹಾರಿಹೋಗ್ತಾರೆ," ಎಂದ. ಪಾಪ, ಆತ ಎದ್ದು ಹಿಂದಿನ ಸೀಟಿಗೆ ಹೋದ.

ಮನೆಯಲ್ಲಿ ವರ್ನಾ ಕಾರು ತಂದು ಕಾದಿದ್ದಳು. ಅತ್ತೆಯ ಟ್ರಂಕು ಬಾಗಿಲಲ್ಲಿತ್ತು. ಆಹಾ, ಎಂಥ ಮಂಗಳಕರ ದೃಶ್ಯ! ವೆಂಡೆಲ್ ಓವನ್ನಿನಿಂದ ಸೇಬಿನ ಕಡುಬನ್ನು ಹೊರಗಟ್ಟಿ ಮಾವನನ್ನು ಒಳಗಿಟ್ಟ.

"ಅರ್ಧ ಬೆಂದಿತ್ತು ಅದು!" ಎಂದು ಲೊರೀನ್ ಚೀರಿದಳು.

"ಉಸಿರು ಬಿಡ್ಬೇಡ!"

ಮಾವ ಬೆಂದು ಹೊರಬಂದರು. ಹಣೆ, ಮೂಗು, ಕಣ್ಣು ಎಲ್ಲ ಸರಿ. ಗಡ್ಡವಿದ್ದಲ್ಲಿ ಅಂಚಿಗೊಂದು ಗೆರೆ, ಒಳಗೆಲ್ಲ ಬಿಳಿ. ಕರಿ ಕೋಟೂ ಅಷ್ಟೇ.

"ಯಾರೇ ಇದು?" ಎಂದಳು ವರ್ನಾ.

"ಬಿಳಿ ಕೋಟು ಹಾಕಿದ ಹಲ್ಲಿನ ಡಾಕ್ಟರ್ ಥರ ಇದಾರೆ. ವೆಂಡೆಲ್, ಅಪ್ಪನ ಗಡ್ಡ ಏನ್ಮಾಡ್ದೆ?" ಎಂದಳು ಲೊರೀನ್.

"ನಾನೇನೂ ಮಾಡ್ಲಿಲ್ಲ! ಯಂತ್ರಕ್ಕೆ... ಅಕ್ಷರ ಆದ್ರೆ ಹಿಡಿಯುತ್ತೆ... ದೊಡ್ಡ ಕಪ್ಪಾದ್ರೆ ಅಂಚು ಮಾತ್ರ... ನಂಗೂ ಗೊತ್ತಿಲ್ಲ ಕಣೆ!"

"ಅಂದ್ರೆ ಕಪ್ಪಿದ್ದಲ್ಲೇ ಕಪ್ಪು ಬರಲ್ವಾ? ಮತ್ಯಾಕಪ್ಪಾ ಆ ಯಂತ್ರ?"

ವೆಂಡೆಲನಿಗೆ ತಲೆ ಗಿರ್ರೆಂದಿತು. ಲೊರೀನ್ ಇನ್ನು ಅಸಲನ್ನು ಬಿಡುವುದಿಲ್ಲ, ಅತ್ತೆ ಹೊರಡುವುದಿಲ್ಲ. ಅಷ್ಟರಲ್ಲಿ ಅತ್ತೆ ಕಾಗದ ತೆಗೆದುಕೊಂಡು ಟ್ರಂಕಿನ ಮೇಲೆ ಕುಸಿದು ಕೂತರು. ಕಣ್ಣಲ್ಲಿ ನೀರು.

"ಮದುವೆಯಾದಾಗ ಹೀಗೇ ಇದ್ರು. ಆಮೇಲೆ ಆ ಪೊದೆ ಬೆಳೆಸಿದ್ರು. ಬೋಳಿಸಿ ಅಂತ ಜೀವಮಾನವೆಲ್ಲ ಬೇಡ್ಕೊಂಡೆ, ಕೇಳ್ಲಿಲ್ಲ. ವರ್ನಾ, ಆ ಗಡ್ಡದವ್ರನ್ನ ನೀನೇ ತಗೊಂಡು ಹೋಗು. ಲೊರೀನ್‌ಗೆ ಕೊಟ್ಟಿರೋ ಇವ್ರು ಎಲ್ಲಿರ್ತಾರೋ ನಾನೂ ಅಲ್ಲೇ."

"ಅತ್ತೆ, ಅದು ಬರೀ ನಕಲು!"

"ಎರಡೂ ಒಂದೇ ಅಂದವ್ನು ನೀನೇ ಅಲ್ವೇನಪ್ಪಾ?"

ಹೀಗೆ ವರ್ನಾ ಗಡ್ಡದೊಂದಿಗೆ ಬಫಲೋಗೆ ಹೋದಳು. ವೆಂಡೆಲ್ ಟ್ರಂಕನ್ನು ಹೊತ್ತು ಮತ್ತೆ ಮಹಡಿಗೇರಿಸಿದ. ಕೆಳಗಿಳಿದು ಬಂದು ರೇಡಿಯೋ ಹಾಕುವಷ್ಟರಲ್ಲಿ ಎದುರು ಗೋಡೆಯ ಮೇಲೆ ಮಾವ ನುಣ್ಣಗೆ ನಗುತ್ತಿದ್ದರು. ಅತ್ತೆ ಅಳಿಯನ ಹಣೆಗೊಂದು ಮುತ್ತು ಕೊಟ್ಟರು; ಇಷ್ಟು ವರ್ಷಗಳಲ್ಲಿ ಅದೇ ಮೊದಲು.

"ಅದನ್ನ ಆರಿಸ್ಬಿಡಪ್ಪಾ," ಎಂದರು. "ಗಡ್ಡ ಬರೋ ಮುಂಚೆಯಿಂದ್ಲೂ ಇವ್ರಿಗೆ ಬೇಸ್‌ಬಾಲ್ ಆಗ್ತಿರ್ಲಿಲ್ಲ."